ಮೂರನೇ ಜ್ವರ

ನನಗೆ ಸುಮ್ಮನೆ ಕೂರುವುದು ಬರುವುದಿಲ್ಲ. ಶೆಟ್ಟಿಹಳ್ಳಿಯ ಮನೆಗೆ ಬೀಗ ಹಾಕಿ ಬಸ್ ಸ್ಟಾಪಿನ ತನಕ ಹೋದವಳು ವಾಪಸ್ಸು ಬಂದು ಬೀಗ ಜಗ್ಗಿ ನೋಡಿ ಹೋಗುತ್ತೇನೆ. ಅಮ್ಮ ಇದಕ್ಕೆ ಅನುಮಾನದ ರೋಗ ಅನ್ನುತ್ತಿದ್ದಳು. ಆ ರೋಗವನ್ನೇ ನಾನು ಪಿಎಚ್‌ಡಿಗೆ ಹಚ್ಚಿದೆ. ಇಂಟರ್ನೆಟ್ಟಿಗೆ ತಗುಲಿಕೊಂಡ ಸಣ್ಣಪುಟ್ಟ ಯಂತ್ರಗಳನ್ನು, ಅಂದರೆ ಕ್ಯಾಮೆರಾ, ಪಂಪ್‌ಸೆಟ್ಟಿನ ಸ್ಟಾರ್ಟರು ಇಂಥವನ್ನು, ಹೊರಗಿನವರ ಕೈಗೆ ಸಿಗದಂತೆ ಕಾಯುವುದು ಹೇಗೆ ಎಂಬುದು ನನ್ನ ಸಂಶೋಧನೆ. ತುಮಕೂರಿನ ಒಂದು ಎಂಜಿನಿಯರಿಂಗ್ ಕಾಲೇಜಿನಲ್ಲಿ ಪಾಠ ಮಾಡುತ್ತ, ಮಿಕ್ಕ ಹೊತ್ತಿನಲ್ಲಿ ಅದನ್ನು ಮಾಡುತ್ತಿದ್ದೆ.

ನಾನು ಮಾಡಿದ್ದು ಸೋಪಿನ ಡಬ್ಬಿಯಷ್ಟು ದೊಡ್ಡ ಕಂಪ್ಯೂಟರು. ಅದು ಮೊದಲು ಕೆಲವು ದಿನ ಸುಮ್ಮನೆ ನೋಡುತ್ತದೆ. ಯಾರ ಫೋನಿನಿಂದ, ಯಾವ ಹೊತ್ತಿಗೆ, ಯಂತ್ರಕ್ಕೆ ಯಾವ ಆಜ್ಞೆ ಬರುತ್ತದೆ ಅಂತ ಕಲಿಯುತ್ತದೆ. ಆಮೇಲೆ ರೂಢಿಗೆ ಹೊರತಾದದ್ದು ಬಂದರೆ ಹಿಡಿದು ನಿಲ್ಲಿಸಿ, ಬಿಡಲೋ ತಡೆಯಲೋ ಎಂದು ನನ್ನ ಫೋನಿಗೆ ಕೇಳುತ್ತದೆ. ತಡೆ ಅಂದರೆ ಮುಗಿಯಿತು, ನಾನು ಬಿಡಿಸುವ ತನಕ ಯಂತ್ರ ಇದ್ದಂತೆಯೇ ಇರುತ್ತದೆ, ಯಾರ ಮಾತನ್ನೂ ಕೇಳುವುದಿಲ್ಲ. ಲ್ಯಾಬಿನಲ್ಲಿ ಇದು ಅಚ್ಚುಕಟ್ಟಾಗಿ ನಡೆಯುತ್ತಿತ್ತು. ನನ್ನ ಗೈಡಿಗೆ ಮಾತ್ರ ಸಮಾಧಾನವಿರಲಿಲ್ಲ. "ನೀವೇ ಕಳ್ಳರಾಗಿ ನೀವೇ ಹಿಡೀತಿದ್ದೀರಿ ಕಣಮ್ಮ. ಹೊರಗಿಂದ ಒಂದಾದ್ರೂ ನಿಜವಾದ ಅಟ್ಯಾಕ್ ತಗೊಂಡು ಬನ್ನಿ" ಅಂದರು.

ಅದಕ್ಕೇ ಕುಣಿಗಲ್ ಕಡೆಯ ಹಳ್ಳಿಯಲ್ಲಿರುವ ಅಕ್ಕನ ಮನೆಗೆ ಹೋದೆ. ಅವಳು ರೇಷ್ಮೆ ಹುಳು ಸಾಕುತ್ತಾಳೆ. ಹುಳುಮನೆಯೊಳಗೆ ಗಾಳಿಗೆ ತೇವ ಬಿಡುವ ಒಂದು ಮಷೀನು ಇತ್ತು, ಅದನ್ನು ಫೋನಿನಿಂದಲೇ ಆನ್ ಆಫ್ ಮಾಡಬಹುದಿತ್ತು. ಅದರ ಪಾಸ್‌ವರ್ಡು ಒಂದರಿಂದ ಆರು. ಪಕ್ಕದ ಮನೆಯ ಹಿರಿಯ ಹೆಂಗಸಿಗೂ ಗೊತ್ತು. ಅಕ್ಕ ಸೊಪ್ಪು ಕೊಯ್ಯಲು ಹೋದರೆ ಅವರು ತಮ್ಮ ಮನೆಯಿಂದಲೇ ನೋಡಿಕೊಳ್ಳುತ್ತಿದ್ದರು. ಊರಲ್ಲಿ ಎಲ್ಲರೂ ಅವರನ್ನು ದೊಡ್ಡಮ್ಮ ಅನ್ನುತ್ತಾರೆ. ಹುಳುಮನೆಯ ಬೀಗದ ಕೈಯೂ ಬಾಗಿಲ ಮೇಲಿನ ಸಂದಿಯಲ್ಲಿಯೇ ಇರುತ್ತಿತ್ತು.

ನನಗೆ ಮೈಯೆಲ್ಲ ಉರಿಯಿತು. "ಇದನ್ನ ಬೀಗ ಅಂತೀಯಾ?" ಎಂದೆ.

"ಬೆಂಕಿ ಬಿದ್ರೆ ನೀನು ತುಮಕೂರಿಂದ ಬಂದು ಆರುಸ್ತೀಯೇನೇ? ಅವ್ರೇ ಬರ್ಬೇಕು, ಬುಡು" ಅಂದಳು ಅಕ್ಕ.

ನಾನು ಬಿಡಲಿಲ್ಲ. ಬೀಗದ ಕೈಯನ್ನು ಅವಳ ಪರ್ಸಿಗೆ ಹಾಕಿಸಿದೆ. ಹೊಸ ಪಾಸ್‌ವರ್ಡು ಹಾಕುವಾಗ ದೊಡ್ಡಮ್ಮ ನನಗೆಂದೇ ಕಾಫಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಸ್ವಲ್ಪ ಆಚೆ ಇರ್ತೀರಾ?" ಎಂದೆ. ಅವರು ಲೋಟವನ್ನು ಜಗಲಿಯ ಮೇಲಿಟ್ಟು ಹೋದರು. ಅಕ್ಕ ನನ್ನ ಮುಖ ನೋಡಿದಳು.

ಹೊಸ ಹುಳು ಬಂದು ಒಂದೇ ದಿನವಾಗಿತ್ತು. ನನ್ನ ಡಬ್ಬಿಯನ್ನು ಮಷೀನಿಗೆ ಜೋಡಿಸಿ, ಸಂಜೆಯ ಬಸ್ಸಿಗೆ ತುಮಕೂರಿಗೆ ಬಂದೆ. ಡಬ್ಬಿ ಮೂರು ದಿನ ನೋಡಿ ಕಲಿಯಿತು. ಆ ಮೂರು ದಿನ ಹುಳು ಗಬಗಬ ತಿಂದವು, ತೇವದ ಮಷೀನು ಬಿಡದೆ ಓಡಿತು, ಅಕ್ಕನ ಫೋನು ಬಿಟ್ಟು ಇನ್ನೊಂದು ಫೋನು ಅದನ್ನು ಮುಟ್ಟಲಿಲ್ಲ. ಇದೇ ರೂಢಿ ಎಂದು ಡಬ್ಬಿ ತೀರ್ಮಾನ ಮಾಡಿತು, ನಾನೂ ಮಾಡಿದೆ. ನಾವು ಬೆಳೆದದ್ದು ಕೋರದ ಹತ್ತಿರ. ತೆಂಗು, ರಾಗಿ ಬಿಟ್ಟರೆ ನನಗೆ ಬೇರೆ ಬೆಳೆಯ ಗಂಧಗಾಳಿ ಇಲ್ಲ.

ನಾಲ್ಕನೆಯ ದಿನ ನನಗೆ ಗುಬ್ಬಿಯ ಕಾಲೇಜೊಂದರಲ್ಲಿ ಪರೀಕ್ಷೆಯ ಡ್ಯೂಟಿ. ಬಸ್ಸಿನಲ್ಲಿ ನಿಂತಿದ್ದಾಗ ಅಕ್ಕನ ಫೋನು ಬಂತು. ಹಾರನ್ನಿನ ಮಧ್ಯೆ ಒಂದು ಮಾತು ಮಾತ್ರ ಕೇಳಿಸಿತು: "ಮೂರನೇ ಜ್ವರ ಕಣೇ..."

"ಮೂರು ದಿನದಿಂದ ಜ್ವರಾನಾ? ಹೇಳೋದಲ್ವಾ! ಮಾತ್ರೆ ತಗೊಂಡು ಮಲಕ್ಕೋ, ಹೊರಗೆಲ್ಲೂ ಹೋಗ್ಬೇಡ" ಎಂದು ಕೂಗಿದೆ. ಅವಳು ನಗುತ್ತ ಇನ್ನೇನೋ ಹೇಳಿದಳು. ಕೇಳಿಸಲಿಲ್ಲ, ಕಟ್ಟಾಯಿತು.

ಕಾಲೇಜಿನ ಆಫೀಸಿನಲ್ಲಿ ಫೋನು ಒಪ್ಪಿಸಲು ಸಾಲಿನಲ್ಲಿ ನಿಂತಿದ್ದೆ. ಆಗ ಡಬ್ಬಿಯಿಂದ ಮೆಸೇಜು ಬಂತು. ಗೊತ್ತಿಲ್ಲದ ಫೋನು, ಕೆಂಪು ಅಕ್ಷರದಲ್ಲಿ ಅದರ ನಂಬರು. ಮಷೀನು ನಿಲ್ಲಿಸು ಎಂಬ ಆಜ್ಞೆ. ಬಿಡಲೋ, ತಡೆಯಲೋ? ಅಕ್ಕ ಜ್ವರದಲ್ಲಿ ಮಲಗಿರುವಾಗ ಅವಳ ಹುಳುಮನೆಯೊಳಗೆ ಯಾರೋ ಕೈ ಹಾಕಿದ್ದಾರೆ! ನಾಚಿಕೆಯಾಗುತ್ತದೆ, ಆದರೂ ಹೇಳುತ್ತೇನೆ. ನನಗೆ ಆಗ ಆದದ್ದು ಸಂತೋಷ. ಅಕ್ಕನಿಗಿಂತ ಮೊದಲು ನನ್ನ ಥೀಸಿಸ್ಸಿನ ಖಾಲಿ ಬಿದ್ದಿದ್ದ ನಾಲ್ಕನೇ ಅಧ್ಯಾಯ ನೆನಪಾಯಿತು. ತಡೆ ಎಂದು ಒತ್ತಿ, ಫೋನು ಆಫ್ ಮಾಡಿ, ಕವರಿಗೆ ಹಾಕಿ ಕೊಟ್ಟು ಹಾಲಿಗೆ ಹೋದೆ.

ಮೂರು ಗಂಟೆ ಬೆಂಚುಗಳ ನಡುವೆ ಓಡಾಡಿದೆ. ಸಂತೋಷ ಅರ್ಧ ಗಂಟೆಯೂ ಉಳಿಯಲಿಲ್ಲ. ಕಳ್ಳನಿಗೆ ತೇವದ ಮಷೀನು ನಿಲ್ಲಿಸಿ ಆಗಬೇಕಾದದ್ದೇನು? ಒಂದು ಸಲ ಹೊರಗೆ ಹೋಗಿ ಫೋನು ನೋಡಿ ಬರಲೇ ಎಂದು ಕೇಳಿದೆ. ಮುಗಿಯುವ ತನಕ ಯಾರಿಗೂ ಇಲ್ಲ ಮೇಡಂ ಅಂದರು. ಒಬ್ಬ ಹುಡುಗಿ ಅಡಿಷನಲ್ ಶೀಟು ಕೇಳಿದರೆ ಅವಳಿಗೆ ಎರಡೆರಡು ಸಲ ಕೊಟ್ಟೆ.

ಫೋನು ಆನ್ ಮಾಡಿದಾಗ ಅಕ್ಕನಿಂದ ಹದಿನೇಳು ಕಾಲ್ ಬಂದಿದ್ದವು. ಮೊದಲು ಮಷೀನನ್ನು ಬಿಡಿಸಿದೆ, ಆಮೇಲೆ ಅವಳಿಗೆ ಮಾಡಿದೆ.

"ಜ್ವರ ನಂಗಲ್ಲ ಕಣೇ, ಹುಳಕ್ಕೆ" ಅಂದಳು. ದನಿ ಬತ್ತಿತ್ತು.

ಹುಳು ಹಳೆಯ ಚರ್ಮ ಬಿಟ್ಟು ಹೊಸದಕ್ಕೆ ಬರುವುದನ್ನು ರೇಷ್ಮೆಯವರು ಜ್ವರ ಅನ್ನುತ್ತಾರೆ. ಗೂಡು ಕಟ್ಟುವ ಮೊದಲು ನಾಲ್ಕು ಜ್ವರ. ಮೊದಲ ಎರಡನ್ನು ಮುಗಿಸಿದ ಹುಳುವನ್ನೇ ಅಕ್ಕ ತರಿಸುವುದು. ಆಗ ಹುಳು ತಿನ್ನುವುದಿಲ್ಲ, ತಲೆಯೆತ್ತಿ ಅಲ್ಲಾಡದೆ ಕೂತಿರುತ್ತವೆ. ಆಗ ಸುತ್ತ ಒಣಗಿರಬೇಕು, ತೇವ ಬಿದ್ದರೆ ಚರ್ಮ ಕಳಚುವುದಿಲ್ಲ. ಸೊಪ್ಪು ಹಾಕುವ ಕೆಲಸ ಇಲ್ಲವಾದ್ದರಿಂದ ಸಾಕುವವರಿಗೂ ಅದೊಂದೇ ಬಿಡುವು. ಅಕ್ಕ ಭಾವನ ಜೊತೆ ಯಡಿಯೂರಿಗೆ ಒಂದು ನಾಮಕರಣಕ್ಕೆ ಹೋಗಿದ್ದಳು. ಹುಳು ಪೂರ್ತಿ ಕೂತ ಮೇಲೆ ಮಷೀನು ನಿಲ್ಲಿಸಿ ಎಂದು ದೊಡ್ಡಮ್ಮನಿಗೆ ಹೇಳಿ ಹೋಗಿದ್ದಳು. ಹೊಸ ಪಾಸ್‌ವರ್ಡನ್ನು ನಾನು ಬಸ್ಸು ಹತ್ತಿದ ಸಂಜೆಯೇ ಅವರಿಗೆ ಕೊಟ್ಟಿದ್ದಳಂತೆ.

ಮಷೀನು ನಿಲ್ಲಲಿಲ್ಲ. ಅಕ್ಕನ ಫೋನಿಗೂ ಜಗ್ಗಲಿಲ್ಲ. ಸ್ವಿಚ್ಚು, ಮೀಟರು ಎಲ್ಲಾ ಒಳಗೆ, ಬಾಗಿಲಿಗೆ ಬೀಗ, ಬೀಗದ ಕೈ ಯಡಿಯೂರಿನಲ್ಲಿ. ನಾನು ಹೇಳಿಕೊಟ್ಟ ಭದ್ರತೆ ಒಂದೂ ಕೈಕೊಡಲಿಲ್ಲ. ದೊಡ್ಡಮ್ಮ ಒಂದು ಗಂಟೆ ಕಾದು, ಹಾರೆ ತಂದು ಬೀಗ ಮೀಟಿ ಒಡೆದು ಪ್ಲಗ್ಗು ಕಿತ್ತಿದ್ದರು.

ನಾನು ಬಸ್ಸು ಬದಲಿಸಿಕೊಂಡು ಹೋಗುವಷ್ಟರಲ್ಲಿ ಸಂಜೆಯಾಗಿತ್ತು. ಅಕ್ಕ ಕಿಟಕಿಗಳನ್ನೆಲ್ಲ ತೆಗೆದು, ಹುಳುವಿನ ಮೇಲೆ ಸುಣ್ಣದ ಪುಡಿ ಉದುರಿಸುತ್ತಿದ್ದಳು. "ಏಳ್ತಾವಾ?" ಎಂದೆ. "ನಾಳೆ ಗೊತ್ತಾಯ್ತದೆ" ಅಂದಳು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರುದಿನ ಮಧ್ಯಾಹ್ನದವರೆಗೆ ನಾನು ಆ ಬಾಗಿಲಿಗೂ ಜಗಲಿಗೂ ತಿರುಗಿದೆ. "ಒಂದ್ಕಡೆ ಕೂತ್ಕೊಳೇ, ನಿನ್ ನೋಡ್ತಾ ಇದ್ರೆ ನಂಗೇ ಜ್ವರ ಬರ್ತದೆ" ಎಂದು ಅಕ್ಕ ಗದರಿದಳು. ಹೊತ್ತು ಬಾಗಿದ ಮೇಲೆ ಎಳೆ ಸೊಪ್ಪು ಹರಡಿದಳು. ಮೇಲಿನ ಸಾಲುಗಳಲ್ಲಿ ಹುಳು ಒಂದೊಂದಾಗಿ ಸೊಪ್ಪಿಗೆ ಹತ್ತಿದವು. ಮಷೀನಿನ ಬಾಯಿಗೆ ಎದುರಿದ್ದ ಕೆಳಗಿನ ಎರಡು ಸಾಲಿನಲ್ಲಿ ಒಂದೂ ಅಲ್ಲಾಡಲಿಲ್ಲ. ಅರ್ಧ ಚರ್ಮ ಬಿಟ್ಟು, ಅರ್ಧದಲ್ಲಿಯೇ ಸಿಕ್ಕಿಕೊಂಡು ಸತ್ತಿದ್ದವು. ಅಕ್ಕ ಅವನ್ನು ಬಕೆಟ್ಟಿಗೆ ತುಂಬಿಕೊಂಡು ಹೂಳಲು ಹೋದಳು. ನನಗೆ ಅಳು ಬಂತು.

ಏನು ನಡೆಯಿತು ಎಂದು ಗೈಡಿಗೆ ಬರೆಯಬೇಕಾಗಿತ್ತು. ಜಗಲಿಯ ಮೇಲೆ ಕೂತು ಲ್ಯಾಪ್‌ಟಾಪಿನಲ್ಲಿ ಡಬ್ಬಿಯ ದಾಖಲೆ ತೆಗೆದೆ. ದೊಡ್ಡಮ್ಮ ಬಂದು ನನ್ನ ಪಕ್ಕದಲ್ಲಿ ಕೂತು ಕನ್ನಡಕ ಹಾಕಿಕೊಂಡರು. ಹಾರೆ ಹಿಡಿದ ಕೈಯಲ್ಲಿ ಬೊಬ್ಬೆ ಎದ್ದಿತ್ತು.

"ಇದು ನನ್ ನಂಬರಲ್ವೇನವ್ವಾ? ಯಾಕೆ ಕೆಂಪಗೈತೆ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. "ಕಳ್ಳರು ಅಂತ ತಿಳ್ಕೊಳ್ತು ದೊಡ್ಡಮ್ಮ" ಎಂದೆ.

ಅವರು ಕನ್ನಡಕ ತೆಗೆದು ನನ್ನ ಕಡೆ ತಿರುಗಿದರು. ಸಿಟ್ಟೇನೂ ಇರಲಿಲ್ಲ, ತಿಳಿದುಕೊಳ್ಳಲೆಂದೇ ಕೇಳಿದರು.

"ಹಂಗಂತ ಅದು ತಿಳ್ಕಂತಾ, ನೀನ್ ತಿಳ್ಕಂಡ್ಯಾ?"

"ನಾನು" ಎಂದೆ.