ಹಿಂದಿನ ಸೀಟಿನಲ್ಲಿ ಕುಳಿತು ದ್ವೀಪಕ್ಕೆ

ಮಲ್ಪೆಯ ದಡದಲ್ಲಿ ಕಾರು ನಿಲ್ಲಿಸಿ ನಾನು ದ್ವೀಪಕ್ಕೆ ಕಳುಹಿಸಿಕೊಟ್ಟ ಸಂಸಾರಗಳಿಗೆ ಲೆಕ್ಕವಿಲ್ಲ. ಎಪ್ಪತ್ತರ ದಶಕದ ಕೊನೆಯ ವರ್ಷಗಳವು. ಮಣಿಪಾಲದ ಸ್ಟ್ಯಾಂಡಿನಲ್ಲಿ ನನ್ನ ಬಾಡಿಗೆ ಅಂಬಾಸಿಡರ್ ನಿಲ್ಲುತ್ತಿತ್ತು. ಐದನೇ ಕ್ಲಾಸಿಗೆ ಶಾಲೆ ಬಿಟ್ಟವನು ನಾನು. ಗ್ಯಾರೇಜಿನಲ್ಲಿ ಕಾರಿನಡಿ ಮಲಗಿ ಕೆಲಸ ಕಲಿತೆ, ಬೇರೆಯವರ ಕಾರು ಓಡಿಸಿದೆ, ಕೊನೆಗೆ ನನ್ನದೇ ಎಂದು ಒಂದನ್ನು ಮಾಡಿಕೊಂಡೆ. ಯಾರ ಹಂಗೂ ಇಲ್ಲದೆ.

ಓದುವ ಮಕ್ಕಳನ್ನು ನೋಡಲು ಬರುವ ತಂದೆತಾಯಿಯರು, ಬೊಂಬಾಯಿಯಿಂದ ರಜೆಗೆ ಬಂದವರು, ಗಲ್ಫಿನವರು, ಎಲ್ಲರೂ ನಮ್ಮ ಬಾಯಲ್ಲಿ ‘ಪಾರ್ಟಿ’. ಪಾರ್ಟಿ ಕಾರ್ಕಳದ ಗೊಮ್ಮಟನ ಬೆಟ್ಟ ಹತ್ತಿದರೆ ನಾನು ಕೆಳಗೆ ಮರದಡಿ. ಪಾರ್ಟಿ ಕಾಪುವಿನ ದೀಪಸ್ತಂಭ ನೋಡುತ್ತಿದ್ದರೆ ನಾನು ಕಾರಿನ ಗಾಜಿಗೆ ಹಿಡಿದ ಉಪ್ಪುಗಾಳಿಯ ಮಬ್ಬು ಒರೆಸುತ್ತಿದ್ದೆ. ಮಲ್ಪೆಯಲ್ಲಿ ಅವರು ಬೋಟು ಹತ್ತಿದರೆ ನಾನು ದಡದಲ್ಲೇ. ಅದರಲ್ಲಿ ಬೇಸರವೇನೂ ಇರಲಿಲ್ಲ. ಕಾಯುವುದೂ ಕೆಲಸವೇ.

ಬೇಸರ ಬಂದದ್ದು ದೊಡ್ಡ ಮಗಳು ಶಾಲೆಯಲ್ಲಿ ‘ದ್ವೀಪ’ ಎಂಬ ಪಾಠ ಕಲಿತು ಬಂದ ಮೇಲೆ. ಆಗ ಅವಳು ಮೂರನೇ ಕ್ಲಾಸು. ಅವಳ ಕೆಳಗೆ ಒಬ್ಬ ತಮ್ಮ, ಮತ್ತೆ ಆಗಷ್ಟೇ ನಡೆಯಲು ಕಲಿತ ಚಿಕ್ಕವಳು.

“ಅಪ್ಪ, ನಮ್ಮ ಮಲ್ಪೆಯಲ್ಲಿ ದ್ವೀಪ ಉಂಟಂತೆ. ನೀವು ನೋಡಿದ್ದೀರಾ?”

“ಜನರನ್ನು ಕಳಿಸಿದ್ದೇನೆ.”

“ನಮ್ಮನ್ನು ಯಾವಾಗ ಕಳಿಸುವುದು?”

ದಸರಾ ರಜೆಯಲ್ಲಿ ಹೋಗುವ ಎಂದೆ. ಹೊರಡುವ ಹಿಂದಿನ ಸಂಜೆ ಬಾಡಿಗೆ ಬಂತು, ದೂರದ್ದು, ಬಿಡುವಂತಿರಲಿಲ್ಲ. ಮತ್ತೆ ಚಳಿಗಾಲದ ಒಂದು ಭಾನುವಾರ ಗೊತ್ತು ಮಾಡಿದೆ. ಮಕ್ಕಳು ತಲೆ ಬಾಚಿ ಕುಳಿತಿದ್ದರು, ಅಷ್ಟರಲ್ಲಿ ಇನ್ನೊಂದು ಬಾಡಿಗೆ. ದ್ವೀಪಕ್ಕೆಂದು ಹೆಂಡತಿ ಎಲೆಯ ಸುರುಳಿಯಲ್ಲಿ ಇಡ್ಲಿ ಹಿಟ್ಟು ಹೊಯ್ದು ಬೇಯಿಸಿದ ಮೂಡೆಯನ್ನು ಆ ದಿನ ಅಂಗಳದಲ್ಲೇ ಕುಳಿತು ತಿಂದರಂತೆ. ಮೂರನೆಯ ಸಲ ನಾನು ಮಾತೆತ್ತಿದಾಗ ಮಗಳು ಪುಸ್ತಕದಿಂದ ತಲೆ ಎತ್ತಲಿಲ್ಲ. “ಬಾಡಿಗೆ ಬರದಿದ್ದರೆ ಹೋಗುವ, ಅಲ್ವಾ ಅಪ್ಪ?” ಎಂದಳು. ಸಿಟ್ಟಿನಿಂದ ಹೇಳಿದ್ದಲ್ಲ. ಮಳೆ ಬಂದರೆ ಕೊಡೆ ಹಿಡಿಯುವ ಎಂಬಂತೆ ಹೇಳಿದ್ದು. ಅದೇ ನನಗೆ ಚುಚ್ಚಿದ್ದು. ಇನ್ನೊಂದು ಸಲ ತಪ್ಪಿದರೆ ಈ ಹುಡುಗಿ ನನ್ನ ಮಾತನ್ನು ಎಂದೆಂದಿಗೂ ನಂಬುವುದಿಲ್ಲ ಎಂದು ಖಚಿತವಾಯಿತು.

ಪ್ರತಿ ಸಲವೂ ಹೆಂಡತಿಯನ್ನು ಹೊಸದಾಗಿ ಒಪ್ಪಿಸುವುದು ಬೇರೆ ಇತ್ತು. ನಮ್ಮ ಕಡೆ ಆಗ ಮದುವೆಗೆ ಹೋಗುತ್ತಿದ್ದರು, ಹರಕೆಗೆ ಹೋಗುತ್ತಿದ್ದರು, ತವರಿಗೆ ಹೋಗುತ್ತಿದ್ದರು. ಸುಮ್ಮನೆ ಹೋಗುವುದು ಎಂಬುದು ಇರಲಿಲ್ಲ.

“ಅಲ್ಲಿ ದೇವಸ್ಥಾನ ಉಂಟಾ?”

“ಇಲ್ಲ.”

“ನೆಂಟರು?”

“ಮನೆಯೇ ಇಲ್ಲ ಮಾರಾಯ್ತಿ. ಬರೀ ತೆಂಗಿನ ಮರ, ಕಲ್ಲು.”

“ಮತ್ತೆ ಎಂತಕ್ಕೆ ಹೋಗುವುದು? ತೆಂಗಿನ ಮರ ಇಲ್ಲಿಲ್ವಾ?”

“ಮಕ್ಕಳಿಗೆ ಬೇಕಂತೆ.”

“ಹಾಗಾದರೆ ಈ ಸಲ ಹೋಗಿಯೇ ಹೋಗಬೇಕು. ಮೂಡೆ ಮಾಡಿ ಮಾಡಿ ನನಗೂ ಸಾಕಾಯಿತು,” ಎಂದಳು.

ಏರ್ಪಾಡಿನಲ್ಲಿ ನನ್ನನ್ನು ಮೀರಿಸುವವರು ಇರಲಿಲ್ಲ. ಯಾವ ಪಾರ್ಟಿ ನಗುತ್ತ ಹಿಂದೆ ಬಂತು, ಯಾವುದು ಜಗಳವಾಡುತ್ತ ಬಂತು ಎಂದು ಕನ್ನಡಿಯಲ್ಲಿ ನೋಡಿದವನು. ಹೊರಡುವ ಮುಂಚೆ ಹೊಟ್ಟೆ ತುಂಬ ಹಾಲು ಕುಡಿದ ಮಗು ಬೋಟಿನಲ್ಲಿ ಕಕ್ಕುತ್ತದೆ. ರೇಷ್ಮೆ ಸೀರೆ ಉಟ್ಟವರು ಇಳಿಯುವಾಗ ಅಳುತ್ತಾರೆ, ಏಕೆಂದರೆ ಬೋಟು ದಡಕ್ಕೆ ತಾಗುವುದಿಲ್ಲ, ಮೊಣಕಾಲು ನೀರಿಗೆ ಇಳಿಯಬೇಕು. ಮಧ್ಯಾಹ್ನದ ಮೇಲೆ ಗಾಳಿ ಎದ್ದು ಬೋಟು ಕುಣಿಯುತ್ತದೆ, ಆದ್ದರಿಂದ ಬೆಳಿಗ್ಗೆ ಬೇಗ ಹೋಗಬೇಕು. ಅಲ್ಲಿ ಕುಡಿಯುವ ನೀರಿಲ್ಲ. ಕೊಡಪಾನ ಹೊತ್ತುಕೊಂಡು ಹೋದರೆ ಅರ್ಧ ಚೆಲ್ಲುತ್ತದೆ. ನಾನು ತೆಂಗಿನ ಮರದಿಂದ ಎಳೆಯ ಬೊಂಡ ತೆಗೆಸಿಟ್ಟೆ. ನೀರಿಗೆ ನೀರೂ ಆಯಿತು, ಒಳಗಿನ ಗಂಜಿ ಚಿಕ್ಕವಳಿಗೆ ತಿಂಡಿಯೂ ಆಯಿತು.

ಕೊನೆಯ ಏರ್ಪಾಡು ಕೇಳಿ ಸ್ಟ್ಯಾಂಡಿನಲ್ಲಿ ನಗುವೋ ನಗು. ನನ್ನ ಪಕ್ಕದಲ್ಲೇ ಕಾರು ನಿಲ್ಲಿಸುವ ಗೆಳೆಯನೊಬ್ಬನಿದ್ದ. ಅವನನ್ನು ಬಾಡಿಗೆಗೆ ಕರೆದೆ.

“ನಿನ್ನದು ಕಾರಲ್ವಾ? ಗಾಡಿಯಾ ಅದು, ಎತ್ತಿನದ್ದು?” ಎಂದ ಅವನು.

“ನನ್ನ ಕೈಯಲ್ಲಿ ಸ್ಟಿಯರಿಂಗ್ ಇದ್ದರೆ ಅದು ನನಗೆ ರಜೆಯಲ್ಲ. ನಾನು ಹಿಂದೆ ಕೂರಬೇಕು.”

“ನಿನ್ನ ಮನೆ ಆದಿ ಉಡುಪಿ. ಅಲ್ಲಿಂದ ಮಲ್ಪೆಗೆ ಬಸ್ಸಿನಲ್ಲಿ ಟಿಕೆಟ್ ಕೊಡುವ ಮೊದಲೇ ಇಳಿಯುವ ಜಾಗ ಬರ್ತದೆ ಮಾರಾಯ!”

“ಬರಲಿ. ನನ್ನ ಮಕ್ಕಳು ಪಾರ್ಟಿಯ ಹಾಗೆ ಕಾರಿನಿಂದ ಇಳಿಯಬೇಕು. ನೀನು ಬರ್ತೀಯಾ, ಬೇರೆಯವರಿಗೆ ಹೇಳಲಾ?”

“ಬರ್ತೇನೆ ಧಣಿ,” ಎಂದು ಟೊಪ್ಪಿ ಇಲ್ಲದ ತಲೆಗೇ ಸಲಾಮು ಹೊಡೆದ.

ಭಾನುವಾರ ಬೆಳಿಗ್ಗೆ ಎಲ್ಲರೂ ಜಗಲಿಯಲ್ಲಿ ತಯಾರಾಗಿ ಕುಳಿತಿದ್ದೆವು. ಗೇಟಿನ ಹತ್ತಿರ ಸ್ಕೂಟರು ನಿಂತಿತು. ಬಂದದ್ದು ಗೆಳೆಯನಲ್ಲ, ಕಾರ್ಕಳದ ಒಬ್ಬ ಗುತ್ತಿಗೆದಾರರು. ನನ್ನ ಕಾಯಂ ಗಿರಾಕಿ, ಉಡುಪಿಯಲ್ಲಿ ಬಿಡಾರ ಮಾಡಿದ್ದರು.

“ಬೇಗ ಕಾರು ತೆಗಿ. ಬಜ್ಪೆಗೆ ಹೋಗಬೇಕು, ವಿಮಾನಕ್ಕೆ ಜನ ಬರ್ತಾರೆ.”

ನಾನು ಉತ್ತರ ಕೊಡುವ ಮೊದಲೇ ನನ್ನ ಕಣ್ಣು ಮಗಳ ಕಡೆ ಹೋಯಿತು. ಅವಳು ಬಗ್ಗಿ ಸ್ಯಾಂಡಲ್ಲಿನ ಬಕಲು ಬಿಚ್ಚುತ್ತಿದ್ದಳು. ಅಳುವಿಲ್ಲ, ಮುಖ ಊದಿಸಿದ್ದಿಲ್ಲ. ಒಂದು ಬಿಚ್ಚಿ ಪಕ್ಕಕ್ಕಿಟ್ಟು ಇನ್ನೊಂದಕ್ಕೆ ಕೈ ಹಾಕಿದಳು.

“ಹಾಕಿಕೋ ಅದನ್ನು,” ಎಂದೆ. ನನ್ನ ಸ್ವರ ನನಗೇ ದೊಡ್ಡದಾಗಿ ಕೇಳಿತು. ಮತ್ತೆ ಅವರ ಕಡೆ ತಿರುಗಿದೆ. “ಇವತ್ತು ಆಗುವುದಿಲ್ಲ ಧಣಿ. ಬೇರೆ ಪಾರ್ಟಿ ಉಂಟು.”

“ಯಾರದು ನನಗಿಂತ ದೊಡ್ಡ ಪಾರ್ಟಿ?”

ನಾನು ಜಗಲಿ ತೋರಿಸಿದೆ. ಚಿಕ್ಕವಳು ಮೂಗು ಒರೆಸಿಕೊಳ್ಳುತ್ತ ಅವರನ್ನೇ ನೋಡುತ್ತಿದ್ದಳು.

“ತಮಾಷೆ ಮಾಡ್ತೀಯಾ? ಇನ್ನು ನಿನ್ನನ್ನು ಕರೆಯುವುದಿಲ್ಲ ನೋಡು.”

“ಇವತ್ತೊಂದು ದಿನ ಕರೆಯಬೇಡಿ. ಸ್ಟ್ಯಾಂಡಿನಲ್ಲಿ ಬೇರೆ ಕಾರು ಉಂಟು, ಒಳ್ಳೆಯ ಡ್ರೈವರು. ನಾನು ಹೇಳಿದೆ ಎಂದು ಹೇಳಿ, ವಿಮಾನಕ್ಕೆ ಮೊದಲೇ ಮುಟ್ಟಿಸ್ತಾನೆ.”

ಸ್ಕೂಟರನ್ನು ಒದ್ದು ಹೊರಟು ಹೋದರು. ಮುಂದಿನ ವಾರವೇ ಕರೆದರು ಎನ್ನುವುದು ಬೇರೆ ಮಾತು. ಕಾರ್ಕಳದ ತಿರುವುಗಳನ್ನು ಹಿಂದೆ ಕೂತವರ ಕಾಫಿ ಚೆಲ್ಲದ ಹಾಗೆ ತೆಗೆಯುವವರು ಎಷ್ಟು ಜನ ಇದ್ದರು? ಆದರೆ ಆ ಬೆಳಿಗ್ಗೆ ನನಗದು ಗೊತ್ತಿರಲಿಲ್ಲ. ಮಗಳು ಬಕಲು ಹಾಕಿಕೊಂಡದ್ದಷ್ಟೇ ಗೊತ್ತು.

ಗೆಳೆಯ ಬಂದ. ಕಾರು ತೊಳೆದು ಕನ್ನಡಿಗೆ ಮಲ್ಲಿಗೆ ಹೂವಿನ ಚೆಂಡು ಸಿಕ್ಕಿಸಿದ್ದ. ಇಳಿದು ಬಂದು ಬಾಗಿಲು ತೆರೆದ. ನಾನು ಹಿಂದೆ, ನಡುವೆ ಮಕ್ಕಳು, ಆ ಬದಿಗೆ ಹೆಂಡತಿ. ಜೀವಮಾನದಲ್ಲಿ ಮೊದಲ ಸಲ ರಸ್ತೆಯ ಬದಿಯ ಅಂಗಡಿಗಳನ್ನು ನೋಡುತ್ತ ಹೋದೆ. ಪ್ರತಿ ತಿರುವಿನಲ್ಲೂ ನನ್ನ ಬಲಗಾಲು ತಾನಾಗಿ ಬ್ರೇಕು ಒತ್ತುತ್ತಿತ್ತು.

“ನನ್ನ ಕಾರಿನ ತಳ ತೂತು ಮಾಡಬೇಡ ಮಾರಾಯ,” ಎಂದ ಗೆಳೆಯ ಕನ್ನಡಿಯಲ್ಲಿ. ಹೆಂಡತಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಕಳು.

ಮಲ್ಪೆಯಲ್ಲಿ ಅವನು ವಾಡಿಕೆಯಂತೆ ನೆರಳು ನೋಡಿ ಕಾರು ನಿಲ್ಲಿಸಿ, ಸೀಟು ಹಿಂದಕ್ಕೆ ಸರಿಸಿ ಮಲಗಲು ಹೊರಟ. ನಾನು ಬಿಡಲಿಲ್ಲ. “ಬೀಗ ಹಾಕು. ನನ್ನ ಬಾಡಿಗೆಯಲ್ಲಿ ಡ್ರೈವರು ದಡದಲ್ಲಿ ಕಾಯುವ ಕ್ರಮ ಇಲ್ಲ.” ಅವನೂ ಆ ದ್ವೀಪ ನೋಡಿದವನಲ್ಲ. ಬೊಂಡದ ಗೋಣಿ ಹೊತ್ತುಕೊಂಡು ಬೋಟಿಗೆ ಹತ್ತಿದ.

ನೀರು ಎಣ್ಣೆ ಹಚ್ಚಿದ ಹಾಗಿತ್ತು. ಯಾರೂ ಕಕ್ಕಲಿಲ್ಲ. ದಡ ಸಣ್ಣದಾಗುತ್ತ ಹೋಯಿತು, ತೆಂಗಿನ ಮರಗಳು ಸಮುದ್ರದೊಳಗಿಂದ ಎದ್ದು ಬಂದವು. ಜನ ವರ್ಣಿಸುವುದನ್ನು ಕೇಳಿ ಕೇಳಿ ನನಗೆಲ್ಲ ಗೊತ್ತು ಎಂದುಕೊಂಡಿದ್ದೆ. ಆದರೆ ಆ ಕಲ್ಲುಗಳು! ಯಾರೋ ಕಂಬಗಳನ್ನು ಕಡೆದು ಒತ್ತೊತ್ತಾಗಿ ಜೋಡಿಸಿ, ಕಟ್ಟಡ ಕಟ್ಟುವುದನ್ನು ಮರೆತು ಹೋದ ಹಾಗೆ. ಕಾಲಡಿಯಲ್ಲಿ ಮಣ್ಣಿಲ್ಲ, ಬರೀ ಚಿಪ್ಪು. ಮಗ ಎರಡೂ ಜೇಬು ತುಂಬಿಸಿ ಚಡ್ಡಿ ಜಾರುತ್ತಿದ್ದರೂ ಆರಿಸುವುದು ನಿಲ್ಲಿಸಲಿಲ್ಲ. ಚಿಕ್ಕವಳು ಬೊಂಡದ ಗಂಜಿ ಮುಖಕ್ಕೆಲ್ಲ ಬಳಿದುಕೊಂಡಳು. ಹೆಂಡತಿ ಸೀರೆಯನ್ನು ಮೇಲೆ ಸಿಕ್ಕಿಸಿ ನೀರಿಗಿಳಿದು, ಬರುವ ತೆರೆಗೆಲ್ಲ ಹುಡುಗಿಯ ಹಾಗೆ ಕಿರುಚುತ್ತಿದ್ದಳು.

ನಾನು ಎಲ್ಲಿ ನಿಂತಿದ್ದೆ? ಮೇಲೆ, ದಡದಲ್ಲೇ. ಹೆಗಲಲ್ಲಿ ಟವೆಲು, ಒಂದು ಕೈಯಲ್ಲಿ ಕೊಡೆ, ಇನ್ನೊಂದರಲ್ಲಿ ಬುತ್ತಿಯ ಚೀಲ.

“ಅಲ್ಲೆಂತ ಕಾವಲು ಮಾರಾಯ್ರೆ? ಇಲ್ಲಿ ಕಳ್ಳರಿದ್ದಾರಾ?” ಎಂದು ಅವಳು ಕೂಗಿದಳು.

ಗೆಳೆಯ ಬಂದು ಚೀಲ ಕಿತ್ತುಕೊಂಡ. ಮಗಳು ನೀರಿನಿಂದ ಓಡಿ ಬಂದು ನನ್ನ ಕೈ ಹಿಡಿದು ಎಳೆದಳು. “ಬನ್ನಿ ಅಪ್ಪ, ಇವತ್ತು ನಿಮಗೆ ರಜೆ ಅಲ್ವಾ?” ಇಸ್ತ್ರಿ ಹಾಕಿದ ಪ್ಯಾಂಟು ಮಡಚಲಿಕ್ಕೂ ಪುರುಸೊತ್ತು ಕೊಡಲಿಲ್ಲ. ಮೊದಲ ತೆರೆ ಸೊಂಟಕ್ಕೆ ಹೊಡೆಯಿತು, ಎರಡನೆಯದು ಕೆಡವಿಯೇ ಹಾಕಿತು. ಮೂವರೂ ಮಕ್ಕಳು ನನ್ನ ಮೇಲೆ ಬಿದ್ದರು. ಉಪ್ಪುನೀರು ಉಗುಳಿ ಎದ್ದು ನಿಂತು ನಾನು ಹಾಕಿದ ಕೇಕೆ ಮಲ್ಪೆಗೆ ಕೇಳಿರಬೇಕು.