ಸಾಯುವುದೇ ಮಾವನ ಕಸುಬು

ಕಂಪ್ಯೂಟರ್ ಗೇಮುಗಳಲ್ಲಿ ಗುಂಡು ತಿಂದವರು, ಮೆಟ್ಟಿಲಿಂದ ಉರುಳಿದವರು ಕೂಗುತ್ತಾರಲ್ಲ, ಆ ದನಿ ನಮ್ಮ ಸೋದರಮಾವನದು. ಹೀರೋನ ದನಿ ಬೇರೆಯವನದು. ಅವನಿಗೋ ನೆಟ್ಟಗೆ ಕೆಮ್ಮಲೂ ಬರುವುದಿಲ್ಲ. ಮಾವನ ಗಂಟಲು ಮಾತ್ರ ನರಳುವುದಕ್ಕೆಂದೇ ಹೇಳಿ ಮಾಡಿಸಿದಂತಿತ್ತು. “ಇನ್ನೊಂಚೂರು ನ್ಯಾಚುರಲ್ಲಾಗಿ ಸಾಯಿರಿ ಸಾರ್” ಎಂದು ರೆಕಾರ್ಡಿಂಗ್ ಮಾಡುವವನು ಗಾಜಿನಾಚೆಯಿಂದ ಹೇಳಿದರೆ, ಒಂದು ಗುಟುಕು ಬಿಸಿನೀರು ಕುಡಿದು ಮತ್ತೆ ಸಾಯುತ್ತಿದ್ದರು. ಮನೆಯಲ್ಲಿ ಅಭ್ಯಾಸ ನಡೆಯುತ್ತಿದ್ದುದು ಬಚ್ಚಲಲ್ಲಿ.

ಹೋದ ವಾರ ಅದೇ ಬಚ್ಚಲಲ್ಲಿ ನಿಜವಾಗಿಯೇ ಜಾರಿಬಿದ್ದು ಕಾಲು ಮುರಿದುಕೊಂಡರು. ಕೂಗಿದರು. ಅತ್ತೆ ಒಗೆದ ಬಟ್ಟೆಗಳನ್ನೆಲ್ಲ ಮಡಚಿಟ್ಟ ಮೇಲೆ ನಿಧಾನವಾಗಿ ಎದ್ದು ಹೋಗಿ ನೋಡಿದರು.

ಆಸ್ಪತ್ರೆಯಲ್ಲಿ ಕಾಲಿಗೆ ಪ್ಲಾಸ್ಟರ್ ಹಾಕಿಸಿಕೊಂಡು ಮಲಗಿದ್ದ ಮಾವ ಹರಿಹಾಯ್ದರು: “ಅಷ್ಟು ಬಾಯಿ ಬಡ್ಕೊಂಡ್ನಲ್ಲೇ, ಕೇಳಿಸ್ಲಿಲ್ವಾ?”

“ಕೇಳಿಸ್ತು ರೀ. ನಿಜ ಅನ್ನಿಸ್ಲಿಲ್ಲ,” ಎಂದರು ಅತ್ತೆ, ದಿಂಬು ಸರಿಮಾಡುತ್ತ. “ದಿನಾ ಇದಕ್ಕಿಂತ ಚೆನ್ನಾಗಿ ಬೀಳ್ತಿದ್ರಿ.”

ಮಾವನ ಮುಖ ಸಪ್ಪಗಾಯಿತು. ಮುರಿದ ಕಾಲಿಗಿಂತ ಆ ಮಾತೇ ಅವರಿಗೆ ಹೆಚ್ಚು ನೋವು ಕೊಟ್ಟಿರಬೇಕು. ಅಷ್ಟರಲ್ಲಿ ನರ್ಸ್ ಬಂದು ಇಂಜೆಕ್ಷನ್ ಚುಚ್ಚಿದಳು. ಮಾವ ವಾರ್ಡೇ ತಿರುಗಿ ನೋಡುವಂತೆ ಚೀರಿದರು. ಆಮೇಲೆ ಕಣ್ಣೊರೆಸಿಕೊಂಡು ಅತ್ತೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು:

“ಈಗ?”