ಗಾಡಿಗೆ ಹಚ್ಚಿದ ದೀಪ

ನಮ್ಮ ಕಡೆ ಖಂಡೆಪೂಜೆಯ, ಅಂದರೆ ಆಯುಧಪೂಜೆಯ ದಿನ ಗಾಡಿಗೂ ದೇವರ ಮರ್ಯಾದೆ. ಗೊಳಸಂಗಿಯ ಮನೆ ಮುಂದೆ ನಮ್ಮ ಹಳೇ ಕಾರು ಮೈ ತೊಳೆಸಿಕೊಂಡು, ಕುಂಕುಮ ಹಚ್ಚಿಸಿಕೊಂಡು, ಚೆಂಡುಹೂವಿನ ಹಾರ ಹಾಕಿಕೊಂಡು ಮದುಮಗನ ಹಾಗೆ ನಿಂತಿತ್ತು. ಆರತಿಯ ಹೊತ್ತಿಗೆ ಅದರ ಮುಂದಿನ ಸಣ್ಣ ಲೈಟನ್ನೂ ಹಚ್ಚುವುದು ನಮ್ಮ ಮನೆಯ ವಾಡಿಕೆ. ಪೂಜೆ ಮುಗಿದ ಮೇಲೆ ಆರಿಸಲು ಹೋದರೆ ಅವ್ವ ಕೈ ಹಿಡಿದಳು.

"ಮನಿ ದೀಪ ಒಂಬತ್ತ ದಿನ ಆರಸಂಗಿಲ್ಲ, ಇದನ್ನ ಒಂದ್ ರಾತ್ರಿ ಯಾಕ ಆರಸ್ತಿ? ನಿಮ್ಮ ದೊಡ್ಡವ್ವನ ಹೆಸರ್ಲೆ ಇರಲಿ."

ದೊಡ್ಡವ್ವ ಎಂದರೆ ಅವ್ವನ ಅಕ್ಕ. ಕನ್ನೊಳ್ಳಿಯಲ್ಲಿ ಹಾಸಿಗೆ ಹಿಡಿದಿದ್ದಳು. ಪ್ರತಿ ದಸರೆಗೂ ಇಬ್ಬರೂ ಕೂಡಿ, ಒಬ್ಬರ ಕೈಗೊಬ್ಬರು ಬನ್ನಿ ಎಲೆ ಕೊಟ್ಟು, ಬಂಗಾರದಂತೆ ಇರೋಣ ಎಂದುಕೊಳ್ಳುವವರು.

ಮರುದಿನ ಊಟದ ಹೊತ್ತಿಗೆ ಅಲ್ಲಿಂದ ಫೋನ್ ಬಂತು. "ಬರೂದಿದ್ರ ಈಗ ಬರ್ರಿ." ಅವ್ವ ಸೆರಗಿಗೆ ಬನ್ನಿ ಗಂಟು ಹಾಕಿಕೊಂಡು ಕಾರಿನಲ್ಲಿ ಕೂತಳು. ಕೀಲಿ ತಿರುಗಿಸಿದೆ. ಒಮ್ಮೆ ಟಕ್ ಎಂದಿತು, ಮುಂದೆ ಅದೂ ಇಲ್ಲ. ಹಾರ್ನ್ ಒತ್ತಿದರೆ ಬಾಣಂತಿ ಬೆಕ್ಕು ನರಳಿದ ಹಾಗೆ ಸದ್ದು. ಬಾನೆಟ್ ಎತ್ತಿ, ಬ್ಯಾಟರಿಯ ಮೇಲೆ ನಾವೇ ಬಳಿದ ಕುಂಕುಮ, ವಿಭೂತಿ ಒರೆಸಿ, ವೈರು ಬಿಗಿ ಮಾಡಿದೆ. ಏನೂ ಆಗಲಿಲ್ಲ.

ಎದುರು ಮನೆಯ ಟ್ರ್ಯಾಕ್ಟರಿನವ ಬಂದು ನೋಡಿದ. "ರಾತ್ರಿಯೆಲ್ಲ ಲೈಟ್ ಹಚ್ಚಿಟ್ರ ಬ್ಯಾಟರಿ ಉಪವಾಸ ತಡಕೋತೈತೇನ್ರಿ? ಸತ್ತೈತದು."

ಬಸ್ಸೆಂದರೆ ಹಬ್ಬದ ಗದ್ದಲ, ದಾರಿಯಲ್ಲಿ ಇಳಿದು ಹತ್ತುವುದಕ್ಕೆ ಅವ್ವನ ಮೊಣಕಾಲು ಒಪ್ಪುವುದಿಲ್ಲ. ಓಣಿಯ ಮಂದಿ ಸೇರಿ ಊರ ಅಗಸಿ ಬಾಗಿಲ ತನಕ ನೂಕಿದೆವು. ಕಾರು ಒಮ್ಮೆ ಕೆಮ್ಮಿ ನಿಂತಿತು. ಅವ್ವ ಒಳಗೇ ಕೂತಿದ್ದಳು, ಸೆರಗಿನ ಗಂಟು ಹಿಡಿದುಕೊಂಡು.

ಕೊನೆಗೆ ಎದುರು ಮನೆಯವನೇ ಟ್ರ್ಯಾಕ್ಟರನ್ನು ಪಕ್ಕಕ್ಕೆ ತಂದು ಅದರ ಬ್ಯಾಟರಿಯಿಂದ ನಮ್ಮದಕ್ಕೆ ವೈರು ಎಳೆದ. ಸಣ್ಣ ಲೈಟು ಮತ್ತೆ ಹತ್ತಿತು. ಅದರ ಗುಂಡಿಯನ್ನು ಯಾರೂ ಬಂದ್ ಮಾಡಿರಲಿಲ್ಲ. ನಾನು ಕೈ ಹಾಕಿದರೆ ಅವ್ವ, "ಇರಲಿ" ಎಂದಳು.

"ಇರಲಿ ಬಿಡ್ರಿ, ಎಳ್ಳಷ್ಟು ಕರೆಂಟದು," ಎಂದ ಅವನು. "ನಿಮ್ಮ ಬ್ಯಾಟರಿ ಒಂದೀಟು ಕುಡೀಲಿ. ಆಮ್ಯಾಲ ಸೆಲ್ಫ್ ಹೊಡೀರಿ."

ಕಾಯುತ್ತ ಕೂತಾಗಲೇ ಕನ್ನೊಳ್ಳಿಯಿಂದ ಫೋನ್ ಮತ್ತೆ ಬಂತು. ಅವ್ವನೇ ಎತ್ತಿದಳು. "ಹ್ಞೂಂ," ಎಂದಳು. "ಯಾವಾಗ?" ಎಂದಳು. ಇಟ್ಟಳು.

ಟ್ರ್ಯಾಕ್ಟರಿನ ಗದ್ದಲದಲ್ಲಿ ಅವನಿಗೆ ಏನೂ ಕೇಳಿರಲಿಲ್ಲ. "ಈಗ ಹೊಡೀರಿ," ಎಂದು ಕೈ ಬೀಸಿದ. ಹೊಡೆದೆ. ಏನೂ ಆಗಿಯೇ ಇಲ್ಲವೆಂಬಂತೆ ಕಾರು ಶುರುವಾಯಿತು.

ಅವನು ವೈರು ಬಿಚ್ಚಿಕೊಂಡು ಕಿಟಕಿಗೆ ಬಗ್ಗಿದ. "ಹೂವಿನ ಹಿಪ್ಪರಗಿ ದಾರಿ ಹಿಡದ ನಡೀರಿ. ಮುಟ್ಟೂ ತನಕಾ ಎಲ್ಲೂ ಬಂದ್ ಮಾಡಬ್ಯಾಡ್ರಿ."

ಅವ್ವ ಗಂಟು ಬಿಚ್ಚಿದಳು. ಬಾಡಿದ ಎಲೆಗಳನ್ನು ಅವನ ಎಣ್ಣೆಗೈಯಲ್ಲಿ ಇಟ್ಟಳು. "ಬಂಗಾರದಂಗ ಇರೂಣೋ ತಮ್ಮಾ."

"ಇರೂಣ್ರಿ ಅಕ್ಕಾರ," ಎಂದು ಅವನು ಎಲೆಗಳನ್ನು ಹಣೆಗೊತ್ತಿಕೊಂಡ.

ಅವನು ಅತ್ತ ಸರಿದ ಮೇಲೆ ಅವ್ವ ನನ್ನ ಕಡೆ ನೋಡದೆಯೇ ಹೇಳಿದಳು: "ಇನ್ನ ಆ ದೀಪ ಆರಸು."